ಜವಳಿ ಮಕ್ಕಳನ್ನು ದಿನಕ್ಕೊಮ್ಮೆ ಬೇರೆ ಮಾಡಿ

"ಡಾಕ್ಟರ್ ಸಾಹೇಬ್ರ, ಸಣ್ಣಾಕಿ ನಡೀಲಾಕತ್ತಾಳ, ದೊಡ್ಡಾಂವ ಇನ್ನಾ ಗ್ವಾಡಿ ಹಿಡ್ಕೊಂಡೇ ನಿಲ್ತಾನ್ರೀ." ಕಲಬುರಗಿಯಲ್ಲಿ ಜವಳಿ ಮಕ್ಕಳ ತಾಯಂದಿರಿಂದ ನಾನು ಹೆಚ್ಚು ಕೇಳುವ ಮಾತು ಇಂಥದ್ದೇ. ಐದು ನಿಮಿಷ ಮೊದಲು ಹುಟ್ಟಿದವನು ಎಲ್ಲದರಲ್ಲೂ ಮುಂದಿರಬೇಕು ಅನ್ನೋ ಲೆಕ್ಕ ಮನೆಯಲ್ಲಿ ಯಾರು ಶುರು ಮಾಡುತ್ತಾರೋ! ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸುಮಾರು 8ರಿಂದ 18 ತಿಂಗಳ ನಡುವೆ ಯಾವಾಗ ನಡೆದರೂ ಸರಿಯೇ. ಜವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು 37 ವಾರ ತುಂಬುವ ಮೊದಲೇ ಹುಟ್ಟುತ್ತಾರೆ. ಎರಡು ತಿಂಗಳು ಮೊದಲೇ ಹುಟ್ಟಿದ್ದರೆ, ಎರಡು ವರ್ಷ ತುಂಬುವವರೆಗೂ ವಯಸ್ಸಿನಲ್ಲಿ ಆ ಎರಡು ತಿಂಗಳು ಕಳೆದು ನೋಡಬೇಕು. ಲಸಿಕೆಗೆ ಮಾತ್ರ ಹೀಗೆ ಕಳೆಯಬಾರದು, ಅದು ಹುಟ್ಟಿದ ದಿನದಿಂದಲೇ.

ನಡಿಗೆಗಿಂತ ನಾನು ಜಾಸ್ತಿ ಕೇಳೋದು ಮಾತಿನ ಬಗ್ಗೆ. ಜವಳಿಗಳು ಮಾತಿನಲ್ಲಿ ಸಾಮಾನ್ಯವಾಗಿ ಸ್ವಲ್ಪ ಹಿಂದೆ ಇರುತ್ತಾರೆ. ಹೊತ್ತಿಗೆ ಮೊದಲೇ ಹುಟ್ಟಿದ್ದು ಒಂದು ಕಾರಣ. ಇನ್ನೊಂದು ಮನೆಯಲ್ಲೇ ಇದೆ. ಒಂದೇ ಕೂಸಿದ್ದರೆ ಅವ್ವ ಅದರ ಮುಖ ನೋಡಿ ಮಾತಾಡುತ್ತಾಳೆ. ಇಬ್ಬರಿದ್ದಾಗ ಅಷ್ಟು ಪುರುಸೊತ್ತು ಎಲ್ಲಿ? ದಿನವಿಡೀ "ಬಾ, ಉಣ್ಣು, ಬ್ಯಾಡ, ಸುಮ್ಕಿರು" ಇಷ್ಟರಲ್ಲೇ ಮುಗಿಯುತ್ತದೆ. ಮೇಲಾಗಿ ಒಬ್ಬರ ಅರ್ಧ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ. ತಂಗಿ "ನೀ ನೀ" ಅಂದರೆ ಅಣ್ಣ ಲೋಟ ತಂದುಕೊಡುತ್ತಾನೆ. ಮನೆಯವರಿಗೆ ಖುಷಿ. ಆದರೆ ಪೂರ್ತಿ ಮಾತು ಆಡುವ ಗರಜೇ ಅವಳಿಗೆ ಉಳಿಯುವುದಿಲ್ಲ.

ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಆಯಿಯ ಊರಲ್ಲಿ ಮರಾಠಿ ಅಥವಾ ತೆಲುಗು. ಅದಕ್ಕೇ ಮಾತು ತಡ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡು ಮೂರು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ. ಎಲ್ಲ ಭಾಷೆಯ ಪದಗಳನ್ನೂ ಕೂಡಿಸಿ ಎಣಿಸಿ. ಎರಡು ವರ್ಷವಾದರೂ "ಅಪ್ಪ ಬಾ", "ಇನ್ನಾ ರೊಟ್ಟಿ" ಅಂತ ಎರಡು ಪದ ಜೋಡಿಸದಿದ್ದರೆ ಕಿವಿ ಪರೀಕ್ಷೆ ಮಾಡಿಸಿ. "ಜವಳಿ ಅಲ್ವಾ, ಹಂಗೇ ಇರ್ತದ" ಅಂತ ಬಿಡಬೇಡಿ.

ಅದಕ್ಕೇ ಹೇಳೋದು, ದಿನಕ್ಕೆ ಸ್ವಲ್ಪ ಹೊತ್ತು ಇಬ್ಬರನ್ನೂ ಬೇರೆ ಮಾಡಿ. ಮುತ್ಯಾ ಒಬ್ಬನನ್ನು ಶರಣಬಸವೇಶ್ವರ ಗುಡಿ ಕಡೆ ಕರೆದೊಯ್ಯಲಿ. ಇನ್ನೊಬ್ಬಳು ಅವ್ವನ ಪಕ್ಕ ಕೂತು ಜೋಳದ ಹಿಟ್ಟು ತಟ್ಟಲಿ, ಒಲೆಯಿಂದ ದೂರ. "ಹಿಟ್ಟು ಮೆತ್ತಗದ ನೋಡು" ಅಂತ ಅವಳೊಬ್ಬಳಿಗೇ ಹೇಳಿ, ಅವಳು ಏನಾದರೂ ಅನ್ನುವವರೆಗೆ ಕಾಯಿರಿ. ಮರುದಿನ ಅದಲು ಬದಲು. ಮನೆಯಲ್ಲಿ ತಂಗಿಯ ಮುಂದೆ ಬಾಯಿ ಬಿಡದವನು ಗುಡಿಯ ದಾರಿಯಲ್ಲಿ ಎಮ್ಮೆ, ಆಟೊ, ತೇರು ಎಲ್ಲಕ್ಕೂ ಬೆರಳು ತೋರಿಸುತ್ತಾನೆ. ಆಗ ನೀವು ಹೆಸರು ಹೇಳಿದರೆ ಅದು ಅವನಿಗೆ ನಾಟುತ್ತದೆ.

ಊಟಕ್ಕೂ ಬೇರೆ ಬೇರೆ ತಾಟು ಇಡಿ. ಒಂದೇ ತಾಟಿನಲ್ಲಿ ಕಲಸಿ ಇಬ್ಬರ ಬಾಯಿಗೂ ಇಟ್ಟರೆ ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ "ನಾನೇ, ನಾನೇ" ಅನ್ನುವ ವಯಸ್ಸಿನಲ್ಲಿ ಕೈಗೆ ಕೆಲಸ ಬೇಕು. ಬೇಳೆಯಲ್ಲಿ ನೆನೆಸಿದ ರೊಟ್ಟಿ ಅರ್ಧ ನೆಲಕ್ಕೆ ಬೀಳಲಿ, ಶಹಾಬಾದ್ ಕಲ್ಲಿನ ನೆಲ ಒರೆಸೋದು ಏನು ಕಷ್ಟ! ಇಡೀ ಶೇಂಗಾ, ಪುಟಾಣಿ ಮಾತ್ರ ಕೈಗೆ ಸಿಗದಂತೆ ಇಡಿ. ಉಸಿರಿನ ಕೊಳವೆಗೆ ಹೋದರೆ ಜೀವಕ್ಕೇ ಅಪಾಯ. ನೀವು ಕೊಡದಿದ್ದರೂ ಅಣ್ಣ ಪ್ರೀತಿಯಿಂದ ತಂಗಿಯ ಬಾಯಿಗೆ ತುರುಕುತ್ತಾನೆ.

ಕಚ್ಚಾಟ, ಕೂದಲು ಜಗ್ಗಾಟ ಈ ವಯಸ್ಸಿಗೆ ಇದ್ದದ್ದೇ. ಬಿಡಿಸಿ, ಬೈಯದೆ ಮುಂದೆ ನಡೆಯಿರಿ.

ನನಗೆ ನಿಜವಾದ ಭಯ ಬೇಸಿಗೆಯದು. ಬಿಸಿಲು 40 ಡಿಗ್ರಿ ದಾಟಿದರೆ ನಮ್ಮ ಮನೆಗಳಲ್ಲಿ ಎಲ್ಲಿ ನೋಡಿದರೂ ನೀರು: ಬಕೆಟ್, ಡ್ರಮ್ಮು, ಕೂಲರ್. ಒಬ್ಬ ಸ್ಟೂಲ್ ತಳ್ಳುತ್ತಾನೆ, ಇನ್ನೊಬ್ಬಳು ಹತ್ತುತ್ತಾಳೆ. ಬಕೆಟ್ಟಿನ ತಳದಲ್ಲಿ ನಾಲ್ಕು ಬೆರಳು ನೀರಿದ್ದರೂ ತಲೆಕೆಳಗಾಗಿ ಬಿದ್ದ ಕೂಸು ಮುಳುಗಬಹುದು, ಸದ್ದೂ ಬರುವುದಿಲ್ಲ. ಇಬ್ಬರೂ ಜೊತೆಗಿದ್ದಾರಲ್ಲ ಅನ್ನೋ ಧೈರ್ಯ ಬೇಡ. ಖಾಲಿ ಬಕೆಟ್ ಬೋರಲು ಹಾಕಿ, ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಲಿ, ಕೂಲರಿಗೆ ನೀರು ತುಂಬುವ ಮೊದಲು ಪ್ಲಗ್ ಕಿತ್ತಿಡಿ.

ಮುಂದಿನ ಸಲ ದವಾಖಾನೆಗೆ ಬರುವಾಗ ಇಬ್ಬರೂ ಆಡುವ ಪದಗಳನ್ನು ಬೇರೆ ಬೇರೆ ಚೀಟಿಯಲ್ಲಿ ಬರೆದು ತನ್ನಿ. "ಇಬ್ಬರೂ ಸೇರಿ ಇಷ್ಟು" ಅಂದರೆ ನನಗೆ ಏನೂ ತಿಳಿಯುವುದಿಲ್ಲ.