ಗುಳಿಗಿ ಗಂಡನ ಮನೇಲಿ, ಹೆರಿಗೆ ತವರಲ್ಲಿ

ರಾಯಚೂರಿನಲ್ಲಿ ಔಷಧಗಳ ಅಡ್ಡಪರಿಣಾಮದ ವರದಿ ಬರೆಯುವುದು ನನ್ನ ಕೆಲಸದ ಒಂದು ಭಾಗ. ರೋಗಿಯ ಗುರುತಿಗೆ ಹೆಸರಿನ ಮೊದಲ ಅಕ್ಷರ, ಅನುಮಾನ ಬಂದ ಔಷಧ, ಆದ ತೊಂದರೆ, ಬರೆದವರ ಹೆಸರು. ಇಷ್ಟಿದ್ದರೆ ವರದಿ ಆಯಿತು. ಮೈಮೇಲೆ ದದ್ದು ಎದ್ದಿದ್ದರೆ ಐದು ನಿಮಿಷದ ಕೆಲಸ. ಗರ್ಭಿಣಿಯರ ವಿಷಯಕ್ಕೆ ಬಂದರೆ ಮಾತ್ರ ಪೆನ್ನು ನಿಲ್ಲುತ್ತದೆ.

ಗುಳಿಗಿ ನುಂಗಿದವಳು ತಾಯಿ, ತೊಂದರೆ ಕಾಣುವುದು ಮಗುವಿನಲ್ಲಿ, ಅದೂ ಎಷ್ಟೋ ತಿಂಗಳ ಮೇಲೆ. ಸಾಲದ್ದಕ್ಕೆ ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಒಮ್ಮೆ ಗಂಗಾವತಿ ಕಡೆಯ ಸೊಸೆಯೊಬ್ಬಳು ಮಾನ್ವಿ ಕಡೆಯ ತವರಿಗೆ ಬಂದು ಹೆತ್ತಳು. ಮಗುವಿನ ಬೆನ್ನಿನ ಕೆಳಗೆ ನೀರು ತುಂಬಿದ ಗಂಟು. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಂಡಿರಲಿಲ್ಲ. ಏನೇನು ಔಷಧ ತಗೊಂಡಿದ್ದಳು ಅಂತ ಕೇಳಿದೆ.

“ಫಿಟ್ಸ್ ಬರ್ತಿದ್ವು ರೀ. ಗಂಡನ ಮನಿಯಾಗ ಗುಳಿಗಿ ನುಂಗ್ತಿದ್ಳು. ಹೆಸರ ನಮಗೇನ್ ಗೊತ್ರೀ?” ಅಂದರು ಅವಳ ತಾಯಿ.

ಸೀರೆ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಗುಳಿಗಿ ಪಟ್ಟಿ ಬಿಚ್ಚಿ ಕೊಟ್ಟರು. ನಾಲ್ಕು ಗುಳಿಗಿ ಉಳಿದಿದ್ದವು. ಹಿಂದೆ ಹೆಸರಿನ ಬಾಲ ಮಾತ್ರ, ‘ಪ್ರೊಯೇಟ್’. ಉಳಿದದ್ದು ಕತ್ತರಿಯ ಆ ಕಡೆ ಹೋಗಿತ್ತು. ಗಂಗಾವತಿಗೆ ಫೋನ್ ಮಾಡಿ, ಹಳೇ ಚೀಟಿಯ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಂಡ ಮೇಲೆ ಗೊತ್ತಾಯಿತು: ಸೋಡಿಯಂ ವಾಲ್‌ಪ್ರೊಯೇಟ್.

ಇದು ಹೊಸ ಕಥೆಯಲ್ಲ. 1982ರಲ್ಲೇ ಫ್ರಾನ್ಸಿನ ಲಿಯೋನ್ ನಗರದಲ್ಲಿ ಹುಟ್ಟುದೋಷಗಳ ದಾಖಲೆ ನೋಡುತ್ತಿದ್ದವರ ಕಣ್ಣಿಗೆ ಇದು ಬಿದ್ದಿತ್ತು. ಬೆನ್ನುಹುರಿ ದೋಷದ ಮಕ್ಕಳ ತಾಯಂದಿರಲ್ಲಿ ಈ ಗುಳಿಗಿ ನುಂಗಿದವರು ಜಾಸ್ತಿ ಇದ್ದರು. ಬಸಿರಲ್ಲಿ ಇದನ್ನು ತಗೊಂಡವರ 100 ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಹುಟ್ಟುದೋಷ ಬರುತ್ತದೆ ಅಂತ ಈಗ ಗೊತ್ತಿದೆ. ಹಾಗಂತ ತಾವೇ ಗುಳಿಗಿ ನಿಲ್ಲಿಸಬಾರದು. ಬಸಿರಿನಲ್ಲಿ ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಮಗು ಬೇಕು ಅನ್ನಿಸಿದಾಗಲೇ ಡಾಕ್ಟರ ಹತ್ತಿರ ಬೇರೆ ಗುಳಿಗಿಯ ಮಾತಾಡಬೇಕು. ಯಾಕೆಂದರೆ ಬೆನ್ನುಹುರಿ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನದೊಳಗೆ. ಮುಟ್ಟು ತಪ್ಪಿದ್ದು ಪಕ್ಕಾ ಆಗುವ ಹೊತ್ತಿಗೆ ಆ ಕೆಲಸ ಹೆಚ್ಚುಕಡಿಮೆ ಮುಗಿದಿರುತ್ತದೆ.

ಆದ್ದರಿಂದಲೇ ವರದಿಯಲ್ಲಿ ‘ಗರ್ಭಿಣಿ’ ಅಂತ ಸುಮ್ನೆ ಬರೆದರೆ ಸಾಲದು, ಎಷ್ಟನೇ ವಾರ ಅಂತ ಬೇಕು. ಡೈಕ್ಲೋಫೆನಾಕ್‌ನಂಥ ನೋವಿನ ಗುಳಿಗಿ 20 ವಾರ ದಾಟಿದ ಮೇಲೆ ನುಂಗಿದರೆ ಮಗುವಿನ ಕಿಡ್ನಿಗೆ ಪೆಟ್ಟಾಗಿ ಗರ್ಭದ ನೀರು ಕಡಿಮೆಯಾಗಬಹುದು. ಬೆನ್ನುನೋವು ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುವುದು ಇದನ್ನೇ ಅಲ್ವಾ?

ನಾವು ಬರೆದದ್ದು ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ, ಅಲ್ಲಿಂದ ದೇಶದೇಶಗಳ ಇಂಥ ವರದಿಗಳು ಸೇರುವ ಸ್ವೀಡನ್ನಿನ ಉಪ್ಸಾಲಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ನಡೆಯುವ ಲೆಕ್ಕ ಸರಳ. ಒಂದು ಔಷಧದ 100 ವರದಿಗಳಲ್ಲಿ 6 ಬೆನ್ನುಹುರಿ ದೋಷದವು, ಉಳಿದ ಔಷಧಗಳಲ್ಲಿ ನೂರಕ್ಕೆ ಒಂದು ಅಂತಿಟ್ಟುಕೊಳ್ಳಿ. ಆಗ ಅನುಮಾನದ ಗಂಟೆ ಬಾರಿಸುತ್ತದೆ. ಅನುಮಾನ ಅಷ್ಟೇ, ತೀರ್ಪಲ್ಲ. ಯಾವ ಔಷಧ ಮುಟ್ಟದಿದ್ದರೂ 100ರಲ್ಲಿ ಎರಡು ಮೂರು ಮಕ್ಕಳಿಗೆ ಏನಾದರೊಂದು ದೋಷ ಇರುತ್ತದೆ. ತಾಯಿಯ ಸಕ್ಕರೆ ಕಾಯಿಲೆಯೇ ಕಾರಣ ಇರಬಹುದು. ಗುಳಿಗಿ ನುಂಗಿಯೂ ಚೆನ್ನಾಗಿ ಹುಟ್ಟಿದ ಮಕ್ಕಳ ವರದಿಯನ್ನಂತೂ ಹೆಚ್ಚಿನವರು ಬರೆಯುವುದೇ ಇಲ್ಲ. ಆದರೂ ಹೊಸ ಔಷಧಗಳ ಪರೀಕ್ಷೆಯಲ್ಲಿ ಗರ್ಭಿಣಿಯರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲವಾದ್ದರಿಂದ, ಆಮೇಲಿನ ಈ ವರದಿಗಳೇ ನಮಗೆ ಆಸರೆ.

ಮನೆಯವರೂ 1800-180-3024ಕ್ಕೆ ಫೋನ್ ಮಾಡಿ ತಿಳಿಸಬಹುದು, ದುಡ್ಡು ಬೀಳಲ್ಲ. ತವರಿಗೆ ಹೊರಡುವಾಗ ತಾಯಿ ಕಾರ್ಡಿನ ಜೊತೆ ಹಳೇ ಚೀಟಿ, ಖಾಲಿ ಪಟ್ಟಿ ಎಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ.

ನಮ್ಮ ಓಣಿಯ ಮೆಡಿಕಲ್ ಶಾಪಿನ ಹುಡುಗನಿಗೂ ಹೇಳಿದೆ, ಪಟ್ಟಿ ಕತ್ತರಿಸಿದರೆ ಹೆಸರಿದ್ದ ತುದಿ ಗಿರಾಕಿಗೆ ಕೊಡಪ್ಪ ಅಂತ. ಅವನು ತಲೆ ಕೆರೆದುಕೊಂಡ. “ಕೊಡ್ತೀನ್ ರೀ ಸರ್. ಮತ್ತ ನನ್ನ ಡಬ್ಬ್ಯಾಗ ಉಳಿದಿದ್ದು ಯಾವ ಗುಳಿಗಿ ಅಂತ ನನಗ ಹ್ಯಾಂಗ ಗೊತ್ತಾಗ್ಬೇಕ್ರಿ?”