ಗಂಟಲಿನ ಗೊನೊರಿಯಾ: ಮಾತ್ರೆ ಯಾಕೆ ಸಾಲದು

ಹಾಸನದಲ್ಲಿ ಮಳೆ ಹಿಡಿದರೆ ಒಪಿಡಿಯಲ್ಲಿ ಗಂಟಲು ನೋವಿನವರದ್ದೇ ಸಾಲು. ಗೊನೊರಿಯಾ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಾ ಸೋಂಕು; ಗಂಟಲಿಗೆ ತಗುಲಿದ್ದನ್ನು ಆ ಸಾಲಿನಲ್ಲಿ ಹುಡುಕಿದರೆ ಸಿಗುವುದು ಕಡಿಮೆ. ಬಹುತೇಕರಿಗೆ ನೋವೂ ಇರಲ್ಲ, ಜ್ವರವೂ ಇರಲ್ಲ. ಬಾಯಿಯ ಮೂಲಕ ಲೈಂಗಿಕ ಸಂಪರ್ಕ ಆಗಿದೆಯಾ ಎಂದು ಕೇಳಿದರೆ ಮಾತ್ರ ಸುಳಿವು ಸಿಗುತ್ತದೆ. ಈ ಪ್ರಶ್ನೆಗೆ ನಮಗೇ ನಾಲಿಗೆ ಹೊರಳಲ್ಲ, ಅಲ್ವಾ? ಜೊತೆಗೆ ಬಂದವರನ್ನು ಹೊರಗೆ ಕೂರಿಸಿ, ಪರದೆ ಎಳೆದು, ಮೆಲ್ಲಗೆ ಕೇಳಿ. ಕೇಳಲೇಬೇಕು.

ಸ್ವಾಬನ್ನು ಎರಡೂ ಟಾನ್ಸಿಲ್ ಮತ್ತು ಗಂಟಲಿನ ಹಿಂಗೋಡೆಗೆ ಉಜ್ಜಿ ತೆಗೆಯಬೇಕು. ಗ್ರಾಮ್ ಸ್ಟೇನ್ (ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಇಲ್ಲಿ ನಂಬಿಕೆಗೆ ಬಾರದು. ಗಂಟಲಲ್ಲಿ ಸುಮ್ನೆ ವಾಸ ಮಾಡುವ ಬೇರೆ ನೈಸೀರಿಯಾಗಳೂ (ಗೊನೊರಿಯಾ ತರುವ ಬ್ಯಾಕ್ಟೀರಿಯಾ ಗೊನೊಕಾಕಸ್‌ನ ಸಂಬಂಧಿಗಳು) ನೋಡೋಕೆ ಹಾಗೇ ಇರುತ್ತವೆ. ನ್ಯಾಟ್ (ಬ್ಯಾಕ್ಟೀರಿಯಾದ ಜೀನ್ ಹುಡುಕುವ ಪರೀಕ್ಷೆ) ಅಥವಾ ಕಲ್ಚರ್ (ಲ್ಯಾಬಿನಲ್ಲಿ ಬೆಳೆಸಿ ನೋಡುವುದು) ಬೇಕು.

ಈಗ ಔಷಧಿ. ನಾನು ಇಂಟರ್ನಲ್ಸ್‌ನಲ್ಲಿ ಸೆಫಿಕ್ಸಿಮ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಬರೆದು ಅಂಕ ಕಳೆದುಕೊಂಡದ್ದು ಇಲ್ಲೇ. ನಾವೆಲ್ಲ ಬಾಯಿಪಾಠ ಮಾಡಿದ ಬೂದು ಕಿಟ್ (ಸೆಫಿಕ್ಸಿಮ್ ಇರುವ ಸರ್ಕಾರಿ ಮಾತ್ರೆ ಪೊಟ್ಟಣ) ಮೂತ್ರನಾಳದ, ಗರ್ಭಕಂಠದ ಸೋಂಕಿಗೆಂದು ಮಾಡಿದ್ದು. ಮಾತ್ರೆಯ ಔಷಧಿ ಗಂಟಲಿನ ಅಂಗಾಂಶದಲ್ಲಿ ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಹೊತ್ತು ನಿಲ್ಲುವುದಿಲ್ಲ. ಜೊತೆಗೆ ಆ ನಿರುಪದ್ರವಿ ನೈಸೀರಿಯಾಗಳ ವಿಷಯ ಇದೆ. ನೆಗಡಿಗೆಲ್ಲ ನಾವು ನುಂಗಿದ ಆ್ಯಂಟಿಬಯೋಟಿಕ್‌ಗಳಿಗೆ ಅವು ಒಗ್ಗಿಕೊಂಡಿರುತ್ತವೆ. ಅವುಗಳ ಡಿಎನ್‌ಎ ತುಣುಕನ್ನು ಗೊನೊಕಾಕಸ್ ಎತ್ತಿಕೊಂಡು ತನ್ನ ಜೀನ್‌ಗೆ ಸೇರಿಸಿಕೊಳ್ಳುತ್ತದೆ. ಇಂಜೆಕ್ಷನ್ ಆಗಿ ಕೊಡುವ ಆ್ಯಂಟಿಬಯೋಟಿಕ್ ಸೆಫ್ಟ್ರಿಯಾಕ್ಸೋನ್‌ಗೂ ಬಗ್ಗದ ತಳಿ ಮೊದಲು ಸಿಕ್ಕಿದ್ದು 2009ರಲ್ಲಿ, ಜಪಾನಿನ ಕ್ಯೋಟೋದಲ್ಲಿ, ಒಬ್ಬರ ಗಂಟಲಿನಲ್ಲೇ. 2018ರಲ್ಲಿ ಇಂಗ್ಲೆಂಡಿನ ಒಬ್ಬ ರೋಗಿಗೆ ಸೆಫ್ಟ್ರಿಯಾಕ್ಸೋನ್ ಕೊಟ್ಟ ಮೇಲೂ ಗಂಟಲಿನ ಸೋಂಕು ಉಳಿಯಿತು. ಕೊನೆಗೆ 3 ದಿನ ಎರ್ಟಾಪೆನೆಮ್ ಎಂಬ ಬೇರೆ ಆ್ಯಂಟಿಬಯೋಟಿಕ್ ಡ್ರಿಪ್ ಹಾಕಬೇಕಾಯಿತು.

ಹಾಗಿದ್ದರೂ ಇವತ್ತಿಗೂ ಮೊದಲ ಔಷಧಿ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ನೇ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2020ರಿಂದ ಒಂದೇ ಡೋಸ್ 500 ಮಿ.ಗ್ರಾಂ ಹೇಳುತ್ತದೆ, ತೂಕ 150 ಕೆ.ಜಿ. ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 1 ಗ್ರಾಂ. ಬ್ರಿಟನ್‌ನಲ್ಲಿ ಎಲ್ಲರಿಗೂ 1 ಗ್ರಾಂ. ವಯಲ್‌ನಲ್ಲಿರುವುದು ಪುಡಿ. ಜಾಗ ಮರಗಟ್ಟಿಸುವ ಲಿಗ್ನೋಕೇನ್ ಹಾಕಿ ಪೂರ್ತಿ ಕರಗುವ ತನಕ ಕುಲುಕಿ, ಸೊಂಟದ ಮಾಂಸಖಂಡಕ್ಕೆ ಆಳವಾಗಿ ಚುಚ್ಚಬೇಕು. ಲಿಗ್ನೋಕೇನ್ ಬೆರೆಸಿದ್ದನ್ನು ಯಾವ ಕಾರಣಕ್ಕೂ ರಕ್ತನಾಳಕ್ಕೆ ಕೊಡಬಾರದು. ಕ್ಲಮಿಡಿಯಾ (ಇನ್ನೊಂದು ಲೈಂಗಿಕ ಸೋಂಕು) ಇಲ್ಲ ಅಂತ ಖಾತ್ರಿಯಾಗದಿದ್ದರೆ ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ, ದಿನಕ್ಕೆರಡು, 7 ದಿನ ಸೇರಿಸಿ. ಗರ್ಭಿಣಿಗೆ ಇದು ಬೇಡ, ಅಜಿಥ್ರೊಮೈಸಿನ್ ಕೊಡಿ. ಹಿಂದಿನ 60 ದಿನದ ಸಂಗಾತಿಗಳಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು.

ಗಂಟಲಿನ ಸೋಂಕಿಗೆ 7ರಿಂದ 14 ದಿನದೊಳಗೆ ಮತ್ತೆ ಸ್ವಾಬ್ ತೆಗೆದು ನೋಡಲೇಬೇಕು. ತೀರಾ ಬೇಗ ನ್ಯಾಟ್ ಮಾಡಿದರೆ ಸತ್ತ ಬ್ಯಾಕ್ಟೀರಿಯಾದ ಅವಶೇಷವೂ ಪಾಸಿಟಿವ್ ತೋರಿಸಬಹುದು. ನೋವೇ ಇಲ್ಲದವರು ಇಂಜೆಕ್ಷನ್ ಆದ ಮೇಲೆ ಸಕಲೇಶಪುರದ ಬಸ್ ಹತ್ತಿದರೆ ತಾವಾಗಿ ವಾಪಸ್ ಬರುವುದು ಕಷ್ಟ. ಚೀಟಿಯ ಮೇಲೆ ತಾರೀಕು ದೊಡ್ಡದಾಗಿ ಬರೆದು, ಅವರ ಬಾಯಲ್ಲೇ ಒಮ್ಮೆ ಹೇಳಿಸಿ ಕಳಿಸಿ.