ಸಮೋವಾದ ತತೌ: ಅರ್ಧಕ್ಕೆ ನಿಲ್ಲಿಸಬಾರದ ಹಚ್ಚೆ

ಪೆಸಿಫಿಕ್ ಸಾಗರದ ಪಾಲಿನೇಷ್ಯಾ ದ್ವೀಪಗಳ ಹಚ್ಚೆ ಎಂದರೆ ಯಾವ ಚಿಹ್ನೆಗೆ ಯಾವ ಅರ್ಥ ಎಂಬ ಪಟ್ಟಿ ಬಾಯಿಪಾಠ ಮಾಡುವುದು ಎಂದುಕೊಂಡೇ ಓದಲು ಕುಳಿತಿದ್ದೆ. ಸಮೋವಾದ ‘ಪೆಅ ಮುತು’ ಎಂಬ ಮಾತು ಕಣ್ಣಿಗೆ ಬಿದ್ದ ಮೇಲೆ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಪೆಅ ಎಂದರೆ ಗಂಡಸಿನ ಸೊಂಟದಿಂದ ಮೊಣಕಾಲಿನವರೆಗೆ ಒತ್ತಾಗಿ ತುಂಬುವ ಹಚ್ಚೆ. ನೋವು ತಾಳಲಾರದೆ ನಡುವೆ ಎದ್ದುಹೋದವನ ಮೈಮೇಲೆ ಉಳಿಯುವ ಅಪೂರ್ಣ ಹಚ್ಚೆಯೇ ಪೆಅ ಮುತು. ಆ ನಾಚಿಕೆ ಅವನೊಬ್ಬನದಲ್ಲ, ಇಡೀ ಮನೆತನದ್ದು.

ಏಕೆ? ಹಾಕುವ ಬಗೆಯನ್ನು ನೋಡಿ. ಹಂದಿಯ ಕೋರೆಯಲ್ಲಿ ಬಾಚಣಿಗೆಯಂತೆ ಹಲ್ಲು ಕೊರೆದು, ಆಮೆಚಿಪ್ಪಿನ ತುಂಡಿಗೆ ಬಿಗಿದು, ಮರದ ಹಿಡಿ ಕೂಡಿಸಿದ ಸಾಧನ ‘ಔ’. ಅದನ್ನು ಕ್ಯಾಂಡಲ್‌ನಟ್ ಎಂಬ ಎಣ್ಣೆಕಾಯಿ ಸುಟ್ಟ ಕಾಡಿಗೆಯ ಮಸಿಯಲ್ಲಿ ಅದ್ದಿ, ಚರ್ಮದ ಮೇಲಿಟ್ಟು, ಸಣ್ಣ ಕೋಲಿನಿಂದ ಟಕಟಕನೆ ತಟ್ಟುತ್ತಾರೆ. ತಟ್ಟುವ ಗುರು ‘ತುಫುಗ’. ಪಕ್ಕದಲ್ಲಿ ಕುಳಿತ ಸಹಾಯಕರು ಚರ್ಮವನ್ನು ಎಳೆದು ಹಿಡಿದು ರಕ್ತ ಒರೆಸುತ್ತಾರೆ. ಮನೆಯವರು ಸುತ್ತ ಕುಳಿತು ಹಾಡಿ ಧೈರ್ಯ ತುಂಬುತ್ತಾರೆ. ಇದು ಒಂದು ದಿನದಲ್ಲಿ ಮುಗಿಯುವುದಿಲ್ಲ. ವಾರಗಟ್ಟಲೆ ನಡೆಯುವುದೂ ಉಂಟು. ತುಫುಗನಿಗೆ ಸಲ್ಲುವ ನವಿರು ಚಾಪೆ, ಊಟ, ಸಂಭಾವನೆಯನ್ನು ಹೊಂದಿಸುವುದು ಕುಟುಂಬವೇ. ಎಲ್ಲರೂ ಸೇರಿ ಹೊತ್ತ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದರೆ ಆಗುವ ನೋವು ಎಂಥದ್ದು ಎಂಬುದನ್ನು ಇಲ್ಲಿ ನಿಂತು ಯೋಚಿಸಿ. ಕಟ್ಟಕಡೆಗೆ ಬರುವುದು ಹೊಕ್ಕುಳಿನ ಗುರುತು, ‘ಪುತೆ’.

ಪೂರ್ಣಗೊಳಿಸಿದವನನ್ನು ‘ಸೊಗಾಇಮಿತಿ’ ಎನ್ನುತ್ತಾರೆ. ಅವನಿಗೆ ಗೌರವ ಸಿಗುತ್ತದೆ, ಜೊತೆಗೆ ಕೆಲಸವೂ: ಕುಟುಂಬದ ಮುಖ್ಯಸ್ಥನಾದ ‘ಮತಾಯ್’ಗೆ, ಊರಿನ ಸಮಾರಂಭಗಳಿಗೆ ಸೇವೆ ಸಲ್ಲಿಸಬೇಕು. ಅಧಿಕಾರಕ್ಕೆ ಹೋಗುವ ದಾರಿ ಸೇವೆಯೇ ಎಂಬುದು ಸಮೋವಾದ ಗಾದೆ. ನನ್ನ ಮಟ್ಟಿಗೆ ಪೆಅ ಎಂಬುದರ ತಿರುಳು ಇದೇ.

ಹೆಂಗಸರದ್ದು ‘ಮಲು’. ತೊಡೆಯಿಂದ ಮೊಣಕಾಲಿನ ಕೆಳಗಿನವರೆಗೆ, ಬಿಡಿಬಿಡಿಯಾದ ನವಿರು ಗೆರೆಗಳು. ಮೊಣಕಾಲಿನ ಹಿಂದಿನ ವಜ್ರಾಕಾರದ ಗುರುತಿಗೂ ಅದೇ ಹೆಸರು. ಮಲು ಎಂದರೆ ಆಸರೆ, ರಕ್ಷಣೆ ಎಂಬ ಅರ್ಥವೂ ಇದೆ.

ಇತಿಹಾಸದ ಭಾಗದಲ್ಲಿ ಎರಡು ಇಸವಿ ಸಾಕು. 1769ರಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್‌ನ ಹಡಗು ಪಾಲಿನೇಷ್ಯಾದ ಇನ್ನೊಂದು ದ್ವೀಪ ಟಹೀಟಿಗೆ ಬಂದಾಗ ಹಚ್ಚೆಗೆ ಅಲ್ಲಿನವರು ಹೇಳುವ ‘ತತೌ’ ಎಂಬ ಪದ ಯುರೋಪಿನವರ ಕಿವಿಗೆ ಬಿದ್ದು ‘ಟ್ಯಾಟೂ’ ಆಯಿತು. 1830ರಲ್ಲಿ ಸಮೋವಾಕ್ಕೆ ಬಂದ ಕ್ರೈಸ್ತ ಧರ್ಮಪ್ರಚಾರಕ ಜಾನ್ ವಿಲಿಯಮ್ಸ್‌ನ ಹಿಂದೆಯೇ ಬೇರೂರಿದ ಮಿಷನರಿಗಳು ಹಚ್ಚೆಯನ್ನು ವಿರೋಧಿಸಿದರು. ಟಹೀಟಿಯಲ್ಲಿ ಪದ್ಧತಿ ನಿಂತೇಹೋಯಿತು, ಸಮೋವಾದಲ್ಲಿ ಕೋಲಿನ ಸದ್ದು ನಿಲ್ಲಲಿಲ್ಲ.

ಹಚ್ಚೆ ಸಮೋವಾಕ್ಕೆ ಬಂದ ಕಥೆಯನ್ನು ಮರೆಯಬೇಡಿ. ತಾಯೆಮಾ, ತಿಲಾಫಾಯಿಗಾ ಎಂಬ ಅವಳಿ ಸೋದರಿಯರು ಫಿಜಿಯಿಂದ ಸಾಧನಗಳನ್ನು ಹೊತ್ತು, ‘ಹಚ್ಚೆ ಹೆಣ್ಣಿಗೆ, ಗಂಡಿಗಲ್ಲ’ ಎಂದು ಹಾಡುತ್ತ ಈಜಿ ಬಂದರಂತೆ. ನಡುದಾರಿಯಲ್ಲಿ ದೊಡ್ಡ ಚಿಪ್ಪುಜೀವಿಯೊಂದನ್ನು ಕಂಡು ಮುಳುಗಿ ಎದ್ದಾಗ ಹಾಡು ತಿರುಗುಮುರುಗಾಗಿತ್ತು: ‘ಹಚ್ಚೆ ಗಂಡಿಗೆ, ಹೆಣ್ಣಿಗಲ್ಲ.’